ಡಾಮಲಯ್ಯನಿಗೆ ಇಡದ ಎಲೆ

2018ರಲ್ಲಿ ನಾನು ರಾಮನಗರದ ನ್ಯಾಯಾಲಯವೊಂದರಲ್ಲಿ ಭಾಷಾಂತರಕಾರಳಾಗಿದ್ದೆ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಭಾಷಾಂತರಕಾರಳು ಅಂದರೆ ಕಥೆ ಕಾದಂಬರಿ ಅನುವಾದ ಮಾಡುವವಳು ಎಂದು ನಮ್ಮ ನೆಂಟರೆಲ್ಲ ಕೊನೆಯವರೆಗೂ ತಿಳಿದಿದ್ದರು. ಅಲ್ಲ ಸ್ವಾಮಿ. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಗಳು ಕನ್ನಡದಲ್ಲಿ ಆಡಿದ ಮಾತು ಅಪೀಲಿಗೆ ಹೋಗುವಾಗ ಇಂಗ್ಲಿಷಿನಲ್ಲಿ ಹೋಗಬೇಕು. ಅದನ್ನು ಮಾಡುವ ಕೆಲಸ ನನ್ನದು. ಸಾಕ್ಷಿ "ಬಾರಿಸ್ಬುಟ್ಟ" ಅಂದರೆ ಒಂದು ಪದ, "ತಟ್ಟಿದ" ಅಂದರೆ ಇನ್ನೊಂದು, "ತದುಕಿದ" ಅಂದರೆ ಮತ್ತೊಂದು. ಒಂದು ಪದ ಸಡಿಲವಾದರೆ ಒಳಗಿರಬೇಕಾದವನು ಹೊರಗೆ ಬರುತ್ತಾನೆ, ಹೊರಗಿರಬೇಕಾದವನು ಒಳಗೆ ಹೋಗುತ್ತಾನೆ. ಪ್ರತಿ ಅನುವಾದದ ಕೊನೆಗೆ "ಮೂಲಕ್ಕೆ ಸರಿಯಾಗಿದೆ" ಎಂದು ಬರೆದು ಸಹಿ ಹಾಕುತ್ತೇವೆ. ಕೂಡಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ನಾನು ಈ ವಿಷಯದಲ್ಲಿ ಸ್ವಲ್ಪ ಮೊಂಡಿ ಎಂದು ಕಚೇರಿಯಲ್ಲಿ ಹೆಸರಿತ್ತು. ಸ್ವಲ್ಪವಲ್ಲ, ಬಹಳವೇ ಮೊಂಡಿ.

ಈ ಕೆಲಸಕ್ಕೆ ಒಂದು ಚಟ ಅಂಟಿಕೊಂಡು ಬರುತ್ತದೆ. ಯಾರು ಏನೇ ಮಾತಾಡುತ್ತಿರಲಿ, ಅದು ತಲೆಯೊಳಗೆ ತಾನಾಗಿಯೇ ಇಂಗ್ಲಿಷ್ ಆಗುತ್ತಿರುತ್ತದೆ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ಸಾರಿಗೆ ಉಪ್ಪು ಸಾಲದು ಅಂದರೂ ನನ್ನೊಳಗೆ ಒಂದು ಸಾಲು ಟೈಪಾಗಿಬಿಡುತ್ತದೆ. ಈಗ ಹೇಳಹೊರಟಿರುವ ಪ್ರಸಂಗದಲ್ಲಿ ನನ್ನ ವಿದ್ಯೆಗಿಂತ ಈ ಚಟವೇ ಹೆಚ್ಚು ಉಪಯೋಗಕ್ಕೆ ಬಂತು.

ಆ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ ಮರಿಗೌಡರು ಎನ್ನುವವರು ನನ್ನ ಮೇಜಿನ ಮುಂದೆ ಬಂದು ನಿಂತರು. ಐವತ್ತು ದಾಟಿದ ಮನುಷ್ಯ, ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಿಂದ ಆಚೆಗಿನ ಊರು. ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿ ಬಂದಿದ್ದರು. ಅಂಗಿಯ ತೋಳಿನ ಮೇಲೆ ಇನ್ನೂ ಬಿಳಿ ಎಳೆಗಳಿದ್ದವು. ಹಿಂದೊಮ್ಮೆ ಅವರು ಸಾಕ್ಷಿಯಾಗಿದ್ದ ಕೇಸಿನ ಅನುವಾದ ನಾನು ಮಾಡಿದ್ದೆನಂತೆ.

"ಮೇಡಮ್ಮೋರೆ, ನೀವು ಅಳೇ ಇಂಗ್ಲಿಷ್ ಕಾಗ್ದ ಎಲ್ಲ ಓದ್ತೀರಂತೆ. ನಮ್ ಮುತ್ತಾತನ ಅಪ್ಪ, ಅವ್ರನ್ನೂ ಮುತ್ತಾತ ಅಂತ್ಲೇ ಅಂತೀವಿ, ಬ್ರಿಟಿಸ್ನೋರ ಕಾಲ್ದಲ್ಲಿ ಅಂಡಮಾನಿಗೆ ಓಗವ್ರೆ. ಡಾಮಲಯ್ಯ ಅಂತ. ಸತ್ತವ್ರೋ ಇಲ್ವೋ ಒಸಿ ತಿಳ್ಕಬೇಕಿತ್ತು."

ನನಗೆ ನಗು ತಡೆಯಲಾಗಲಿಲ್ಲ. "ಮರಿಗೌಡ್ರೆ, ಇದ್ದರೆ ನಿಮ್ಮ ಮುತ್ತಾತನಿಗೆ ಈಗ ನೂರೈವತ್ತು ದಾಟಿರುತ್ತೆ!"

"ಅದು ನಂಗೂ ಗೊತ್ತು ಕಣಕ್ಕ," ಅಂದರು. ಅವರು ನಗಲಿಲ್ಲ. "ನಮ್ಮವ್ವಂಗೆ ಗೊತ್ತಾಗ್ಬೇಕಲ್ಲ."

ಮೇಡಮ್ಮನಿಂದ ಒಂದೇ ಉಸಿರಿನಲ್ಲಿ ಅಕ್ಕನ ಪಟ್ಟಕ್ಕೆ ಏರಿಸಿದ ಮೇಲೆ ಕೂರಿ ಅನ್ನದೆ ಗತಿಯಿರಲಿಲ್ಲ. ಕನಕಪುರದಲ್ಲಿ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ಅಂಡಮಾನಿಗೆ ಸಾಗಿಸಿದ ಕೈದಿಗಳ ಹೆಸರುಗಳನ್ನು ಅವರು ಹುಡುಕಿಸಿದ್ದರು. ಡಾಮಲಯ್ಯ, ದಾಮಲಯ್ಯ, ಧಾಮಲಪ್ಪ, ಹೇಗೆ ಬರೆದು ನೋಡಿದರೂ ಆ ಹೆಸರಿನವರು ಒಬ್ಬರೂ ಸಿಕ್ಕಿರಲಿಲ್ಲ. ನನಗೂ ಆ ಹೆಸರು ವಿಚಿತ್ರವೆನಿಸಿತು. ಮಲ್ಲಯ್ಯ ಕೇಳಿದ್ದೇನೆ, ದೊಡ್ಡಯ್ಯ ಕೇಳಿದ್ದೇನೆ. ನಮ್ಮ ಸೀಮೆಯ ಒಕ್ಕಲು ಮನೆಯಲ್ಲಿ ಡಾಮಲಯ್ಯ ಎಲ್ಲಿಂದ ಬಂದ?

ಅವರು ಹೋದ ಮೇಲೂ ಆ ಪದ ಕಿವಿಯಲ್ಲೇ ಇತ್ತು. ಕೋರ್ಟಿಗೆ ಹಳೆಯ ಉರ್ದು ಪತ್ರಗಳು ಬಂದಾಗ ನಾನು ಚನ್ನಪಟ್ಟಣದ ಖಾದರ್ ಸಾಹೇಬರನ್ನು ಕೇಳುತ್ತಿದ್ದೆ. ನಿವೃತ್ತ ಉರ್ದು ಮೇಷ್ಟ್ರು, ನನ್ನನ್ನು ರೇಗಿಸದೆ ಒಂದು ಅರ್ಥವನ್ನೂ ಹೇಳಿದವರಲ್ಲ. ಫೋನು ಮಾಡಿ, ಡಾಮಲಯ್ಯ ಅನ್ನುವುದು ನಿಮ್ಮ ಕಡೆಯ ಹೆಸರೇನಾದರೂ ಇರಬಹುದೇ ಎಂದು ಕೇಳಿದೆ.

"ಸರೋಜಮ್ಮ, ಇಷ್ಟು ವರ್ಷ ಕೋರ್ಟಿನ ಅನ್ನ ತಿಂದು ಇದು ತಿಳೀಲಿಲ್ವಾ?" ಎಂದು ಅವರು ನಕ್ಕರು. "ಅದು ಹೆಸರಲ್ಲ, ಶಿಕ್ಷೆ! ದಾಯಮುಲ್ ಹಬ್ಸ್ ಅಂತ. ಸಾಯೋವರೆಗೂ ಸೆರೆ. ಜನರ ಬಾಯಲ್ಲಿ ಸವೆದೂ ಸವೆದೂ ಡಾಮಲ್ ಆಗಿದೆ. ಡಾಮಲ್ ಆಯ್ತು ಅಂದ್ರೆ ಕಡಲಾಚೆಗೆ ಕಳಿಸಿದ್ರು ಅಂತ ಅರ್ಥ."

ಫೋನು ಇಟ್ಟೆ. ಕಿಟಕಿಯಾಚೆ ರಾಮನಗರದ ಬಂಡೆಗಳು ಬಿಸಿಲಿನಲ್ಲಿ ಮಲಗಿದ್ದವು. ಆ ಮನೆಯಲ್ಲಿ ನಡೆದದ್ದು ಮೆಲ್ಲಗೆ ಕಣ್ಣಿಗೆ ಕಟ್ಟತೊಡಗಿತು. ಗಂಡನನ್ನು ಸರ್ಕಾರದವರು ಹಿಡಿದುಕೊಂಡು ಹೋಗಿದ್ದಾರೆ. ಕಂಕುಳಲ್ಲಿ ಕೂಸು. ಬಂದು ಕೇಳಿದವರಿಗೆಲ್ಲ ಆ ಹೆಂಗಸು ಏನು ಹೇಳಬೇಕು? ಗಂಡನ ಹೆಸರು ಬಾಯಲ್ಲಿ ಆಡುವಂತಿಲ್ಲ. ಕಚೇರಿಯವರು ಹೇಳಿದ ಪದ ಒಂದಿತ್ತು. "ಡಾಮಲಾದ್ರು" ಅಂದಳು. ಮಗ ದೊಡ್ಡವನಾಗಿ ಅಪ್ಪ ಎಲ್ಲವ್ವ ಎಂದರೂ ಅದೇ ಮಾತು. ಮಗನ ಬಾಯಲ್ಲಿ ಅದು ಡಾಮಲಪ್ಪ, ಮೊಮ್ಮಗನ ಬಾಯಲ್ಲಿ ಡಾಮಲಯ್ಯ. ಹೀಗೆ ಶಿಕ್ಷೆಯೇ ಹೆಸರಾಗಿ ನಿಂತು, ನಿಜವಾದ ಹೆಸರು ಹೊರಟುಹೋಗಿತ್ತು. ಗಂಡನ ಹೆಸರು ಹೇಳದ ಮರ್ಯಾದೆ ಅವನ ಹೆಸರನ್ನೇ ತಿಂದುಹಾಕಿತ್ತಲ್ಲ ಎಂದು ನನಗೆ ಅಯ್ಯೋ ಅನಿಸಿತು.

ಮರಿಗೌಡರಿಗೆ ಫೋನಿನಲ್ಲಿ ಇದನ್ನು ತಿಳಿಸಿದೆ. "ಅಂಗಾರೆ ನಮ್ ಮುತ್ತಾತಂಗೆ ಎಸ್ರೇ ಇಲ್ದಂಗಾಯ್ತಲ್ಲಕ್ಕ" ಅಂದರು. ಕೊನೆಗೆ, "ಒಂದ್ಸಲ ಬಂದು ನಮ್ಮವ್ವನ ಕುಟೆ ಮಾತಾಡಿ. ನಂಗೆ ಸರ್ಯಾಗಿ ಏಳಕೆ ಬರಾಕಿಲ್ಲ" ಅಂದರು.

ಒಂದು ಭಾನುವಾರ ಹೋದೆ. ಕನಕಪುರದಿಂದ ಕೋಡಿಹಳ್ಳಿಯವರೆಗೆ ಬಸ್ಸು, ಅಲ್ಲಿಂದ ಮರಿಗೌಡರ ಬೈಕು. ರಾತ್ರಿ ಮಳೆ ಬಿದ್ದು ನಿಂತಿತ್ತು. ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಬೆಟ್ಟಗಳ ತಲೆ ಮಾತ್ರ ಮೇಲೆ ಕಾಣುತ್ತಿದ್ದು, ಬುಡವೆಲ್ಲ ಬಿಳುಪಿನಲ್ಲಿ ಕರಗಿಹೋಗಿತ್ತು. ಮನೆ ಮುಟ್ಟಿದಾಗ ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಹನಿ ಮಳೆಯ ಹಾಗೆ ಕೇಳುತ್ತಿತ್ತು. ಆ ಸದ್ದಿನಲ್ಲಿ ಒಂದು ಜೋಂಪು ಇದೆ. ಅದನ್ನು ಕೇಳುತ್ತ ಕೂತರೆ ಇದು ಯಾವ ಇಸವಿ ಅನ್ನುವುದೇ ಮರೆತುಹೋಗುತ್ತದೆ.

ಚಿಕ್ಕತಾಯಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಎಂಬತ್ತರ ಮೇಲಿನ ವಯಸ್ಸು, ಒಣಗಿದ ಸಣ್ಣ ಮೈ, ಕಣ್ಣು ಮಾತ್ರ ಬಲು ಚುರುಕು.

"ಕೂತ್ಕ ಮಗ. ಕೋರ್ಟಿನೋಳಂತೆ. ನನ್ ಕುಟೆ ಸುಳ್ಳು ಏಳ್ಬ್ಯಾಡ."

"ಸುಳ್ಳು ಹೇಳಿದರೆ ನನ್ನ ಕೆಲಸ ಹೋಗುತ್ತೆ ಅಜ್ಜಿ," ಅಂದೆ. ಅವರಿಗೆ ಅದು ಹಿಡಿಸಿತು.

ಅಂದು ಅವರು ಹೇಳಿದ್ದು ಇಷ್ಟು. ಅವರು ಮದುವೆಯಾಗಿ ಆ ಮನೆಗೆ ಬಂದಾಗ ಗಂಡನ ಅಜ್ಜಿ ಬದುಕಿದ್ದರು. ಅವರನ್ನು ಇವರು ದೊಡ್ಡತ್ತೆ ಎನ್ನುತ್ತಿದ್ದರು. ಡಾಮಲಯ್ಯನ ಸ್ವಂತ ಸೊಸೆ ಎಂದರೆ ಆ ದೊಡ್ಡತ್ತೆಯೇ. ಮಾರ್ಲಾಮಿ ಅಮಾವಾಸ್ಯೆಯ ದಿನ, ಅಂದರೆ ಮಹಾಲಯದಂದು, ನಮ್ಮ ಕಡೆ ಮನೆಯಲ್ಲಿ ಸತ್ತ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ ಹಾಕಿ ಊಟ ಬಡಿಸಿ ಎಡೆ ಇಡುತ್ತಾರೆ. ಹೊಸ ಸೊಸೆಗೆ ಯಾವ ಎಲೆ ಯಾರದೆಂದು ದೊಡ್ಡತ್ತೆ ತೋರಿಸಿಕೊಟ್ಟಿದ್ದರು.

"ಇದು ನಮ್ಮತ್ತೆ ಎಲೆ, ಇರಿಯವ್ವಂದು. ಇದ್ಕೆ ಅರಿಸಿನ ಕುಂಕುಮ ಅಸಿರು ಬಳೆ ಇಕ್ಬೇಕು, ಅವ್ರು ಮುತ್ತೈದೆ ಸಾವು ಸತ್ತೋರು ಅಂದ್ರು ದೊಡ್ಡತ್ತೆ. ಅವ್ರ ಯಜಮಾನ್ರ ಎಲೆ ಎಲ್ಲತ್ತೆ ಅಂದೆ ನಾನು. ಅವ್ರಿಗಿಲ್ಲ ಕಣೆ, ಅವ್ರು ತೀರ್ಕಂಡ್ ಸುದ್ದಿ ಇನ್ನೂ ಯಾರೂ ತಂದಿಲ್ಲ. ಬದ್ಕಿರೋರಿಗೆ ಎಡೆ ಇಕ್ಕುದ್ರೆ ಉಸ್ರು ಕಿತ್ಕಂಡಂಗೆ. ಸುದ್ದಿ ಬಂದೇಟ್ಗೆ ನೀನು ಇಕ್ಕು ಅಂದ್ರು."

"ಇಷ್ಟು ವರ್ಷ ಆದ ಮೇಲೂ?"

"ವರ್ಸ ಆದೇಟ್ಗೆ ಮನ್ಸ ಸಾಯ್ತಾನಾ? ಯಾರಾರ ಬಂದು ಬಾಯಲ್ಲಿ ಅನ್ಬೇಕಲ್ಲವ್ವ. ದೊಡ್ಡತ್ತೆ ಕಾದ್ರು, ನಮ್ಮತ್ತೆ ಕಾದ್ರು, ನಾನೂ ಕಾದೆ. ಎಲ್ಲಾರ್ಗೂ ಬಡ್ಸಿ ಒಬ್ರಿಗೆ ಬಡ್ಸದೆ ಎದ್ ಬರಾದು ಎಂಗಿರ್ತದೆ ಗೊತ್ತಾ? ಮನೆ ಇರೀರೆಲ್ಲ ಉಂಡು ಓಯ್ತಾರೆ. ಅವ್ರೊಬ್ರು ಎಲ್ಲೋ ಕೂತವ್ರೆ, ಕರೆಯೋರಿಲ್ದೆ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನೋದ್ ಮ್ಯಾಕೆ ಕಾಯೋರ್ ಯಾರು? ಈ ನನ್ಮಗ ಎಲೆ ಲೆಕ್ಕಾನೇ ಮರ್ತ್ಬುಡ್ತಾನೆ."

ಮಗ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ನನಗೆ ಆಗ ಗೊತ್ತಾಯಿತು, ನಗುತ್ತ ಬಂದ ನಾನು ಸುಮ್ಮನೆ ಹಿಂದಕ್ಕೆ ಹೋಗುವ ಹಾಗಿಲ್ಲವೆಂದು.

ಹಿರಿಯವ್ವ, ಅಂದರೆ ಡಾಮಲಯ್ಯನ ಹೆಂಡತಿ, ಆ ಮನೆಗೆ ಎಷ್ಟು ದೊಡ್ಡವರು ಎಂಬುದನ್ನೂ ಅಂದೇ ಕೇಳಿದೆ. ಮನೆಗೆ ಬಂದ ಪ್ರತಿ ಸೊಸೆಯೂ ಮೊದಲ ಮಾರ್ಲಾಮಿಯಲ್ಲಿ ಆಕೆಯ ಎಲೆಯ ಮುಂದೆ ಕೂತು ಬಳೆ ತೊಡಬೇಕು. ಆ ಎಲೆಯ ಕುಂಕುಮ ಇಟ್ಟುಕೊಂಡರೆ ತಾಳಿ ಗಟ್ಟಿ ಎಂಬ ನಂಬಿಕೆ. ಚಿಕ್ಕತಾಯಮ್ಮನೂ ತೊಟ್ಟಿದ್ದರು, ಅವರ ಸೊಸೆಯೂ ತೊಟ್ಟಿದ್ದಳು.

ಮುತ್ತಾತ ಯಾಕೆ ಡಾಮಲಾದರು ಎಂದು ಕೇಳಿದೆ. ನೀರಿನ ಜಗಳ ಅಂದರು. ಅಜ್ಜಿ ಕೈ ಎತ್ತಿ ತೋರಿಸುತ್ತ ಹೇಳುತ್ತ ಹೋದರು: ಆಗ ಊರು ಆ ಎತ್ತರದ ಬುಡದಲ್ಲಿತ್ತು, ಎತ್ತರದಿಂದ ಇಳಿದು ಬರುವ ನೀರನ್ನು ಸರದಿಯಲ್ಲಿ ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದರು, ಸರದಿ ತಪ್ಪಿಸಿದವನ ಮೇಲೆ ಇವರು ಗುದ್ದಲಿ ಬೀಸಿದರು, ಅವನು ಏಳಲಿಲ್ಲ. ಎತ್ತರ ಹತ್ತಿ ಗವಿಯಲ್ಲಿ ಅಡಗಿದ್ದವರನ್ನು ಹಿಡಿದು ತಂದರು. ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ರೂಢಿಯಂತೆ ನೇರವಾಗಿ ಇಂಗ್ಲಿಷಿನಲ್ಲಿ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತೆ. ಬಿಸಿಲು, ಜೋಂಪು. ಒಂದಾದ ಮೇಲೊಂದು ಬೆಟ್ಟ ಬಂದು ತೂಗಿ ಹಿಂದಕ್ಕೆ ಸರಿಯುತ್ತಿತ್ತು. ಅಜ್ಜಿಯ ದನಿ ಕಿವಿಯಲ್ಲಿ ಹಾಗೇ ಹರಿಯುತ್ತಿತ್ತು, ಅದರ ಪಕ್ಕದಲ್ಲೇ ನನ್ನ ಇಂಗ್ಲಿಷ್ ಸಾಲುಗಳೂ. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಸ್ಥಿತಿಯಲ್ಲಿ ಎರಡನ್ನೂ ಜೋಡಿಸಿ ನೋಡುತ್ತ ಹೋದೆ. ಎಲ್ಲೋ ಒಂದು ಕಡೆ ಎರಡೂ ಹೊಂದುತ್ತಿರಲಿಲ್ಲ. ಕನಕಪುರ ಹತ್ತಿರವಾಗುವ ಹೊತ್ತಿಗೆ ತಟ್ಟನೆ ಎದ್ದು ಕೂತೆ. ನನ್ನ ಚೀಟಿಯಲ್ಲಿ ಬೆಟ್ಟ ಎನ್ನುವುದಕ್ಕೆ ಇಂಗ್ಲಿಷ್ ಪದ ಸಾಲುಸಾಲಾಗಿ ಇತ್ತು. ಆದರೆ ಅಜ್ಜಿ ಬೆಟ್ಟ ಎಂದು ಒಂದು ಸಲವೂ ಅಂದಿರಲಿಲ್ಲ. ಎತ್ತರ, ಎತ್ತರ, ಎತ್ತರ! ಮೂಲದಲ್ಲಿ ಇಲ್ಲದ ಪದ ನನ್ನ ಅನುವಾದದಲ್ಲಿ ಬಂದು ಕೂತಿತ್ತು.

ಸುತ್ತ ಎತ್ತ ತಿರುಗಿದರೂ ಬೆಟ್ಟವೇ ಕಾಣುವ ಊರಿನಲ್ಲಿ ಹುಟ್ಟಿ ಬೆಳೆದ ಮುದುಕಿ ಬೆಟ್ಟ ಅನ್ನದೆ ಮಾತಾಡುವುದು ಸುಲಭವಲ್ಲ. ಬಸ್ಸಿನಲ್ಲೇ ಮರಿಗೌಡರಿಗೆ ಫೋನು ಹಚ್ಚಿದೆ.

"ಗೌಡ್ರೆ, ನಿಮ್ಮವ್ವ ಯಾವತ್ತಾದ್ರೂ ಬೆಟ್ಟ ಅಂದಿದ್ದಾರಾ?"

"ಅದೇನಕ್ಕ ಇಂಗ್ ಕೇಳ್ತೀರಿ…" ಅಂದವರು ತಾವೇ ನೆನೆಸಿಕೊಂಡರು. "ಇಲ್ಲ ಕಣಕ್ಕ. ಮಾದಪ್ಪನ ಬೆಟ್ಟಕ್ಕೂ ಮಾದಪ್ಪನ ಎತ್ತರ ಅಂತ್ಲೇ ಅಂತದೆ. ನನ್ನೆಂಡ್ರು ಬಂದ್ ವೊಸದ್ರಲ್ಲಿ ಬೆಟ್ಟ ಅಂದು ಸರ್ಯಾಗಿ ಉಗಿಸ್ಕಂಡಿದ್ಲು. ನಾವ್ ಗಂಡಸ್ರಿಗೆ ಯಾರೂ ಏನೂ ಅನ್ನಾಕಿಲ್ಲ. ಇರಿ, ಅವ್ವನ್ನೇ ಕೇಳ್ತೀನಿ."

ಹಿಂದುಗಡೆ ಅಜ್ಜಿಯ ಗದರಿಕೆ ನನಗೇ ಕೇಳಿಸಿತು: "ಈ ಮನೆ ಎಂಗಸ್ರು ಆ ಮಾತು ಆಡಂಗಿಲ್ಲ ಅಂತ ದೊಡ್ಡತ್ತೆ ಏಳವ್ರೆ. ಯಾಕೆ ಎತ್ತ ಅಂತ ಕೇಳಕೆ ನಂಗೇನ್ ಉಚ್ಚಾ?"

ಹೆಂಡತಿ ಗಂಡನ ಹೆಸರು ಆಡಬಾರದು, ಸೊಸೆ ಮಾವನ ಹೆಸರು ಆಡಬಾರದು. ಆ ಹೆಸರು ದಿನಬಳಕೆಯ ಮಾತಾಗಿದ್ದರೆ ಆ ಮಾತನ್ನೂ ಆಡಬಾರದು. ಹಿರಿಯವ್ವ ಆಡಲಿಲ್ಲ, ಅವರ ಸೊಸೆ ದೊಡ್ಡತ್ತೆ ಆಡಲಿಲ್ಲ. ಕಾರಣ ಮರೆತ ಮೇಲೂ ನಿಯಮ ಉಳಿಯಿತು. ಮುಂಚೆ ನಾನು ಅಯ್ಯೋ ಅಂದುಕೊಂಡಿದ್ದು ತಪ್ಪಾಗಿತ್ತು. ಆ ಮರ್ಯಾದೆ ಹೆಸರನ್ನು ತಿಂದಿರಲಿಲ್ಲ. ಆ ಮನೆಯ ಹೆಂಗಸರು ಬಾಯಿ ಬಿಡದೆ, ತಲೆಮಾರಿನಿಂದ ತಲೆಮಾರಿಗೆ, ಅದನ್ನು ಜೋಪಾನ ಮಾಡಿ ಇಟ್ಟಿದ್ದರು. ಬಸ್ಸಿನಲ್ಲಿ ಒಬ್ಬಳೇ ಕೂತು ನನಗೆ ಅಳು ಬಂತು. ಪಕ್ಕದ ಹೆಂಗಸು ಯಾಕಮ್ಮ ಎಂದು ಕೇಳಿದರೆ ಏನು ಹೇಳುವುದು? ಒಂದು ಬೆಟ್ಟ ಸಿಕ್ಕಿತು ಅನ್ನುವುದೇ?

ಬೆಟ್ಟ ಎಂಬ ಹೆಸರು ಸಿಕ್ಕ ಮೇಲೆ ಉಳಿದದ್ದು ಕಚೇರಿಯ ಕೆಲಸ. ಮೈಸೂರು ಸೀಮೆಯನ್ನು ಇಂಗ್ಲಿಷ್ ಕಮಿಷನರುಗಳು ಆಳುತ್ತಿದ್ದ ಕಾಲದ ಕೊನೆಯ ವರ್ಷಗಳು ಎಂದು ತಲೆಮಾರು ಎಣಿಸಿ ಅಂದಾಜು ಮಾಡಿದ್ದೆ. ರಜೆ ಹಾಕಿ ಬೆಂಗಳೂರಿನ ಪತ್ರಾಗಾರಕ್ಕೆ ಹೋಗಿ ಕೂತೆ. ಕನಕಪುರ ಆಗ ಕಾನಕಾನಹಳ್ಳಿ. ಅದನ್ನು ಇಂಗ್ಲಿಷ್ ಗುಮಾಸ್ತರು ತಮ್ಮ ನಾಲಿಗೆಗೆ ಬಂದಂತೆ ಬರೆದಿದ್ದರು. ಬೆಟ್ಟನನ್ನೂ ಬಿಟ್ಟಿರಲಿಲ್ಲ. ಬುಟ್ಟ, ಬೇಟ, ಬಿಟ್ಟಿ ಎಲ್ಲ ಆಗಿದ್ದ. ಊರಿನ ಹೆಸರು, ಒಕ್ಕಲಿಗ ಜಾತಿ, ನೀರಿನ ಜಗಳದ ಕೊಲೆ, ಹೆಂಡತಿ ಮತ್ತು ಒಂದು ಎಳೆಗೂಸು ಇದ್ದದ್ದು, ಇಷ್ಟೂ ಹೊಂದುವ ಬೆಟ್ಟೇಗೌಡ ಒಬ್ಬನೇ ಇದ್ದ. ಪೋರ್ಟ್ ಬ್ಲೇರಿನಲ್ಲಿ ಅಲ್ಲಿನ ಹಳೆಯ ಕೈದಿ ಮನೆತನಗಳ ವಿಚಾರ ಕಲೆಹಾಕುವ ನಿವೃತ್ತ ಉಪಾಧ್ಯಾಯರೊಬ್ಬರು ಇದ್ದಾರೆ. ಅವರಿಗೆ ವಿವರ ಕಳಿಸಿದೆ. ಕಾಡು ಕಡಿಯುವ ತಂಡದಲ್ಲಿದ್ದ ಬೆಟ್ಟೇಗೌಡ, ಹೋದ ಕೆಲವೇ ವರ್ಷಗಳಲ್ಲಿ ಜ್ವರ ಬಂದು ತೀರಿಕೊಂಡ ಎಂದು ಅವರು ಹುಡುಕಿ ತಿಳಿಸಿದರು. ಎಲ್ಲಿ ಹೂಳಿದರು ಎಂಬುದಕ್ಕೆ ಗುರುತಿಲ್ಲ.

ಓದಿದಾಗ ಮೊದಲು ಸಂತೋಷವೇ ಆಯಿತು. ಆಮೇಲೆ ವರ್ಷಗಳ ಲೆಕ್ಕ ಹಾಕಿದೆ. ಹಿರಿಯವ್ವ ಸತ್ತಿದ್ದು ದೊಡ್ಡತ್ತೆ ಸೊಸೆಯಾಗಿ ಬಂದು ಮಕ್ಕಳಾದ ಮೇಲೆ. ಎಂದರೆ ಗಂಡ ಸತ್ತು ಮೂವತ್ತು ವರ್ಷವಾದರೂ ಆಗಿರಬೇಕು. ಅಷ್ಟೂ ವರ್ಷ ಆಕೆ ತೊಟ್ಟ ಹಸಿರು ಬಳೆ, ಇಟ್ಟ ಕುಂಕುಮ, ಆ ಎಲೆಯ ಮುಂದೆ ಬಳೆ ತೊಟ್ಟ ಸೊಸೆಯರು, ಇದೆಲ್ಲ ಏನಾಯಿತು?

ಮರಿಗೌಡರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಕೋರ್ಟಿನ ಹೊರಗೆ ಹೊಂಗೆ ಮರದಡಿ ನಿಂತು ಕೇಳಿಸಿಕೊಂಡವರೇ ಟವಲಿನಿಂದ ಮುಖ ಒರೆಸಿಕೊಂಡರು.

"ಅಕ್ಕ, ಕೈ ಮುಗಿತೀನಿ. ತೀರ್ಕಂಡ್ರು ಅಂತ ಏಳಿ, ಸಾಕು. ವರ್ಸ ಒಂದ ಬುಟ್ಬುಡಿ."

"ಬಿಡೋ ಹಾಗಿಲ್ಲ ಗೌಡ್ರೆ."

"ಇದೇನ್ ಕೋರ್ಟಾ ಅಕ್ಕ? ನಮ್ಮವ್ವನ ಜೀವ ಇರೋದೇ ಆ ಎಲೆ ಮ್ಯಾಲೆ. ಇರಿಯವ್ವ ಮುಂಡೆಯಾಗಿ ಬಳೆ ತೊಟ್ಟಿದ್ಲು ಅಂತ ಈ ವಯ್ಸಲ್ಲಿ ಅವ್ಳ ಕಿವಿಗೆ ಆಕ್ತೀರಾ?"

ನನಗೂ ಸಿಟ್ಟು ಬಂತು. "ಸುಳ್ಳು ಹೇಳಬೇಡ ಅಂತ ಮೊದಲ ದಿನವೇ ಹೇಳಿದ್ದು ನಿಮ್ಮವ್ವ. ನಾನು ಒಪ್ಪಿಕೊಂಡಿದ್ದೀನಿ. ಅರ್ಧ ನುಂಗಿ ಅರ್ಧ ಹೇಳೋದಕ್ಕೆ ನಿಮಗೆ ನಾನೇ ಬೇಕಿತ್ತಾ?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕೋರ್ಟಿನಲ್ಲಿ ಸಾಕ್ಷಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನೆ. ಅಜ್ಜಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕೇಳದಿದ್ದರೆ ಬಾಯಿ ಬಿಡುವುದಿಲ್ಲ. "ಕೇಳಾಕಿಲ್ಲ ಬುಡಿ, ಅಳೋದ್ರಲ್ಲೇ ಇರ್ತದೆ" ಎಂದು ಮರಿಗೌಡರು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ನನಗೆ ಆ ವಾರವೆಲ್ಲ ಅನ್ನ ರುಚಿಸಲಿಲ್ಲ. ಕೇಳದಿರಲಿ ಎಂದು ನಾನೂ ಒಳಗೊಳಗೇ ದೇವರನ್ನು ಬೇಡಿಕೊಂಡೆ.

ಮಾರ್ಲಾಮಿಗೆ ಇನ್ನೂ ಕೆಲವು ವಾರ ಇರುವಾಗ ಒಂದು ಬೆಳಿಗ್ಗೆ ಹೋದೆ. ಮತ್ತೆ ಮಂಜು. ಮನೆಯ ಮುಂದೆ ಬೈಕು ಇಳಿದು ಜಗುಲಿ ಹತ್ತಲು ಹೋದರೆ ಅಜ್ಜಿ ಒಳಗಿನಿಂದಲೇ ಕೈ ಅಡ್ಡ ಮಾಡಿದರು.

"ಅಲ್ಲೇ ನಿಂತ್ಕ ಮಗ. ಆ ಸುದ್ದೀನ ಒಳಿಕ್ ಬಂದು ಏಳಂಗಿಲ್ಲ. ಅಂಗ್ಳದಲ್ಲೇ ನಿಂತು ಏಳು."

ಅವರಿಗೆ ಅಷ್ಟರಲ್ಲೇ ತಿಳಿದುಹೋಗಿತ್ತು. ಹೊಸ್ತಿಲಿನ ಒಳಗೆ ಗೋಡೆ ಹಿಡಿದು ನಿಂತರು. ನಾನು ಕೆಲಸಕ್ಕೆ ಸೇರಿದಾಗಿನಿಂದ ಬೇರೆಯವರ ಮಾತನ್ನೇ ಆಡುತ್ತ ಬಂದವಳು. ನನ್ನ ಬಾಯಿಂದ ನನ್ನದೇ ಆಗಿ ಒಂದು ಸುದ್ದಿ ಹೊರಡಬೇಕಾದ ಮೊದಲ ಹೊತ್ತು ಅದು. ಗಟ್ಟಿಯಾಗಿ ಹೇಳಿದೆ.

"ಬೆಟ್ಟೇಗೌಡರು ತೀರ್ಕೊಂಡ್ರು ಅಜ್ಜಿ. ಅಂಡಮಾನಿನಲ್ಲಿ. ಜ್ವರ ಬಂದು ತೀರ್ಕೊಂಡ್ರು."

ಆ ಹೊಸ್ತಿಲ ಮುಂದೆ ಆ ಹೆಸರನ್ನು ಒಬ್ಬ ಹೆಂಗಸು ಆಡಿದ್ದು ಅದೇ ಮೊದಲಿರಬೇಕು. ಚಿಕ್ಕತಾಯಮ್ಮ ಸರ್ರನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಮಾವನವರು ಅಂಗಳಕ್ಕೆ ಬಂದು ನಿಂತರು ಎನ್ನುವಂತೆ. ಹುಳುಗಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆಮೇಲೆ ಒಮ್ಮೆಲೇ, "ಅಯ್ಯೋ ನಮ್ಮಪ್ಪನೇ, ಅಷ್ಟ್ ದೂರ ಓಗಿ ಒಬ್ರೇ ಮಲಿಕ್ಕಂಡ್ರಾ, ಒಂದ್ ಗುಟುಕ್ ನೀರ್ ಬುಡೋರಿಲ್ದೆ!" ಎಂದು ಎದೆ ಬಡಿದುಕೊಂಡು ಅತ್ತರು. ನೂರಾರು ಸಾವಿನ ಸಾಕ್ಷ್ಯ ಅನುವಾದಿಸಿದ್ದೇನೆ. ಅಷ್ಟು ಹಸಿಯಾದ ಅಳು ಕೇಳಿರಲಿಲ್ಲ. ನಾನೂ ಅಂಗಳದಲ್ಲಿ ನಿಂತು ಅತ್ತೆ.

ಅಳು ತಗ್ಗಿದ ಮೇಲೆ ಅಜ್ಜಿ ಮೂಗು ಒರೆಸಿಕೊಂಡು ನನ್ನನ್ನು ನೇರವಾಗಿ ನೋಡಿದರು.

"ಮಗ, ಅವ್ರು ಮೊದ್ಲೋ, ಇರಿಯವ್ವ ಮೊದ್ಲೋ?"

ಮರಿಗೌಡರು ಮುಖ ಆಚೆ ತಿರುಗಿಸಿದರು.

"ಅವರೇ ಮೊದಲು ಅಜ್ಜಿ," ಅಂದೆ. "ಹೋದ ಕೆಲವೇ ವರ್ಷಕ್ಕೆ. ಹಿರಿಯವ್ವ ಆಮೇಲೆ ಬಹಳ ವರ್ಷ ಬದುಕಿದ್ರು."

ಅಜ್ಜಿಯ ತುಟಿ ಏನೋ ಲೆಕ್ಕ ಹಾಕುವಂತೆ ಅಲ್ಲಾಡುತ್ತಿತ್ತು. ಅವ್ವಾ ಎಂದು ಮಗ ಹತ್ತಿರ ಹೋಗಲು ನೋಡಿದರೆ ಕೈಯಲ್ಲೇ ತಡೆದರು.

"ಈ ಮಾತ ಏಳಕೆ ಇಬ್ರೂ ಇಷ್ಟ್ ಎದ್ರುಕೊಂಡಿದ್ರಾ?" ಅಂದರು. ದನಿಯಲ್ಲಿ ಸಿಟ್ಟಿತ್ತು. "ನೀನು ಕೋರ್ಟಿನೋಳಾಗಿ ಇಷ್ಟೂ ತಿಳಿಯಾಕಿಲ್ವಾ? ದೂರದಲ್ಲಿ ಯಾರಾರ ಸತ್ರೆ ಸೂತಕ ಯಾವತ್ತಿಂದ ಇಡೀತಾರೆ? ಸತ್ ದಿನದಿಂದ್ಲಾ?"

ಉತ್ತರವನ್ನೂ ಅವರೇ ಹೇಳಿದರು.

"ಸುದ್ದಿ ಕಿವಿಗ್ ಬಿದ್ ದಿನದಿಂದ. ಇರಿಯವ್ವನ ಕಿವಿಗೆ ಬೀಳ್ಲಿಲ್ಲ, ದೊಡ್ಡತ್ತೆಗೆ ಬೀಳ್ಲಿಲ್ಲ. ನನ್ ಕಿವಿಗೆ ಬಿತ್ತು, ಇವತ್ತು. ಇವತ್ತೇ ಅವ್ರು ತೀರ್ಕಂಡಿದ್ದು. ಇರಿಯವ್ವ ಮುತ್ತೈದೆಯಾಗೇ ಓದ್ಲು, ಯಾರಾರ ಅಲ್ಲ ಅನ್ಲಿ ನೋಡಾನ!" ಮಗನ ಕಡೆ ತಿರುಗಿ, "ಏನ್ಲಾ ನೋಡ್ತಾ ನಿಂತಿದ್ದೀಯ? ನೀರ್ ಸೇದು, ತಲೆ ಮ್ಯಾಲೆ ಉಯ್ಯಿ" ಅಂದರು.

ಅಂಗಳದ ಕಲ್ಲಿನ ಮೇಲೆ ಕೂತ ತಾಯಿಯ ತಲೆಯ ಮೇಲೆ ಮರಿಗೌಡರು ಬಿಂದಿಗೆ ಬಿಂದಿಗೆ ತಣ್ಣೀರು ಹುಯ್ದರು. ಆಮೇಲೆ ತಾವೂ ಹುಯ್ದುಕೊಂಡರು. ನೀರು ಅವರ ಕಣ್ಣೀರನ್ನು ಕಾಣಗೊಡಲಿಲ್ಲ. ಮಂಜು ಎದ್ದು, ಸುತ್ತಲಿನ ಬೆಟ್ಟಗಳು ಬುಡದವರೆಗೂ ಬಿಡಿಬಿಡಿಯಾಗಿ ಕಾಣತೊಡಗಿದ್ದವು. ಸಾವಿನ ಮನೆಯಿಂದ ಹೋಗಿಬರುತ್ತೇನೆ ಎಂದು ಹೇಳಿ ಹೊರಡುವಂತಿಲ್ಲ. ಹೇಳದೆ ಹೊರಟೆ, ಕೋಡಿಹಳ್ಳಿಯವರೆಗೂ ನಡೆದೇ ಹೋದೆ.

ಮಾರ್ಲಾಮಿಯ ದಿನ ಮರಿಗೌಡರು ಫೋನು ಮಾಡಿದ್ದರು. ಹಿರಿಯವ್ವನ ಎಲೆಯ ಪಕ್ಕಕ್ಕೆ, ಅಂಚಿಗೆ ಅಂಚು ತಗಲುವಂತೆ, ಹೊಸ ಎಲೆ ಹಾಕಿದರಂತೆ. ಆಕೆಯ ಎಲೆಗೆ ಎಂದಿನಂತೆ ಅರಿಶಿನ ಕುಂಕುಮ ಹಸಿರು ಬಳೆ. ಆತನ ಎಲೆಗೆ ಬಿಸಿ ಮುದ್ದೆ, ಮಾಂಸದ ಸಾರು, ಒಂದು ಕಟ್ಟು ಬೀಡಿ. ಬಡಿಸಿದ್ದು ಸಾಲದೆಂದು ಅಜ್ಜಿ ಮಗನಿಗೆ ಬೈದು ಎರಡು ಸಲ ಬಡಿಸಿದರಂತೆ.

ನಾನು ಮರು ವರ್ಷ ನಿವೃತ್ತಳಾದೆ. ಆದೇಶದ ನಕಲು ಕಕ್ಷಿಗಾರನ ಕೈ ಸೇರಿದ ದಿನದಿಂದ ಅಪೀಲಿನ ಅವಧಿ ಎಣಿಸಬೇಕು ಎಂಬ ವಾದವನ್ನು ನನ್ನ ಸೇವೆಯಲ್ಲಿ ಎಷ್ಟು ಸಲ ಅನುವಾದಿಸಿದ್ದೇನೋ ಲೆಕ್ಕವಿಲ್ಲ. ಅದು ವಕೀಲರ ಒಂದು ಉಪಾಯ ಎಂದಷ್ಟೇ ತಿಳಿದಿದ್ದೆ. ಮಾತನ್ನು ಸರಿಯಾಗಿ ಹೊರುವುದೇ ನನ್ನ ಕೆಲಸ ಅಂದುಕೊಂಡಿದ್ದವಳಿಗೆ ಆ ಅಂಗಳದಲ್ಲಿ ಬೇರೆಯೇ ಒಂದು ಸಂಗತಿ ಗೊತ್ತಾಯಿತು: ತಲುಪಬೇಕಾದವರನ್ನು ತಲುಪುವ ತನಕ ಯಾವುದೂ ಇನ್ನೂ ನಡೆದಿರುವುದಿಲ್ಲ. ಬೆಟ್ಟೇಗೌಡರು ಅಷ್ಟೂ ವರ್ಷ ಆ ಮನೆಯಲ್ಲಿ ಬದುಕಿದ್ದರು. ಅವರನ್ನು ಸಾಯಿಸಿದವಳು ನಾನು. ಅದಕ್ಕಾಗಿ ಆ ಮನೆಯವರು ಇಂದಿಗೂ ನನಗೆ ಕೈ ಮುಗಿಯುತ್ತಾರೆ.